ಹತ್ತನೆಯ ಕಲಮು

ವಿದ್ಯಾವತಿ ಬರೆದ ಹತ್ತು ಕಲಮುಗಳಲ್ಲಿ ಮೊದಲ ಒಂಬತ್ತರ ಬಗ್ಗೆ ಯಾರದೂ ತಕರಾರು ಇರಲಿಲ್ಲ. ಕಾವಲುಗಾರನ ಸಮವಸ್ತ್ರ ಇಸ್ತ್ರಿಯಾಗಿರಬೇಕು, ಸೀಟಿ ಕೊರಳಲ್ಲಿರಬೇಕು, ಟಾರ್ಚು ಹತ್ತಬೇಕು, ಬೆಂಕಿ ಆರಿಸುವ ಸಿಲಿಂಡರಿನ ಪಿನ್ನು ಎಲ್ಲಿದೆ ಎಂದು ಕೇಳಿದ ಕೂಡಲೇ ತೋರಿಸಬೇಕು, ಕುಡಿದು ಬರಬಾರದು, ಕುರ್ಚಿಯಲ್ಲಿ ಕೂತು ಗೊರಕೆ ಹೊಡೆಯಬಾರದು, ಇಂಥವು. ನಾಲ್ಕೂ ಊರಿನ ಕಾವಲುಗಾರರನ್ನು ಸೇರಿಸಿ ಓದಿ ಹೇಳಿದಾಗ ಎಲ್ಲರೂ ತಲೆಯಾಡಿಸಿದರು. ಹತ್ತನೆಯದಕ್ಕೂ ತಲೆಯಾಡಿಸಿದರು, ಆದರೆ ಕೊಂಚ ನಿಧಾನವಾಗಿ. ಆ ನಿಧಾನವನ್ನು ಅವಳು ಗಮನಿಸಬೇಕಿತ್ತು. ಅವಳೇನು ಹೊರಗಿನವಳಲ್ಲ, ಬಸವನ ಬಾಗೇವಾಡಿಯಲ್ಲೇ ಹುಟ್ಟಿ ಬೆಳೆದವಳು. ಆದರೆ ತಾನು ಬರೆದದ್ದನ್ನು ತಾನೇ ಓದಿ ಹೇಳುವ ಸಂಭ್ರಮದಲ್ಲಿದ್ದವರಿಗೆ ಎದುರಿನವರ ಮುಖ ಎಲ್ಲಿ ಕಾಣುತ್ತದೆ?

ಆ ಕಲಮುಗಳು ಹುಟ್ಟಿದ್ದು ಒಂದು ಲಾರಿಯಿಂದ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಈ ನಾಲ್ಕೂ ಕಡೆ ಒಂದೇ ಕಂಪನಿಯ ಗೋದಾಮುಗಳಿವೆ. ಒಣದ್ರಾಕ್ಷಿ, ತೊಗರಿ, ಕಡಲೆ ತುಂಬಿಟ್ಟು ಸಾಗಿಸುವ ಗೋದಾಮುಗಳು. ಅವುಗಳ ಗೇಟು ಕಾಯುವ ಗುತ್ತಿಗೆ ಬಸವಂತರಾಯರ ಸೆಕ್ಯೂರಿಟಿ ಏಜೆನ್ಸಿಯದು. ಬಸವಂತರಾಯರು ಫೌಜಿನಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದವರು. ವಿದ್ಯಾವತಿ ಅವರ ಕೈಕೆಳಗೆ ನಾಲ್ಕು ಗೇಟುಗಳ ಮೇಲ್ವಿಚಾರಕಿ. ಬೇಸಿಗೆಯಲ್ಲಿ ಸೊಲ್ಲಾಪುರಕ್ಕೆ ಹೋಗಬೇಕಾಗಿದ್ದ ಒಣದ್ರಾಕ್ಷಿಯ ಲಾರಿಯೊಂದು ಸಿಂದಗಿಯಿಂದ ಹೊರಟು ನೇರ ಕಲಬುರ್ಗಿಗೆ ಹೋಗಿ ನಿಂತಿತು. ಗೋದಾಮಿನ ಆಫೀಸಿನವರು ಲಾರಿಯ ಚೀಟಿಯಲ್ಲಿ ಬರೆದದ್ದು ಒಂದು ಊರು, ಚಾಲಕನಿಗೆ ಬಾಯಲ್ಲಿ ಹೇಳಿದ್ದು ಇನ್ನೊಂದು. ಒಂದೂವರೆ ದಿನ ಹುಡುಕಿದರು. ಕಡೆಗೆ ಎಲ್ಲರ ಸಿಟ್ಟೂ ಬಂದು ಬಿದ್ದದ್ದು ಗೇಟಿನ ಮೇಲೆ. ಹೊರಗೆ ಹೋಗುವವನನ್ನು ಒಂದು ಮಾತು ಕೇಳಿ ಚೀಟಿಯ ಜೊತೆ ತಾಳೆ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿರಲಿಲ್ಲವೇ?

ಕಂಪನಿಗೆ ಗುಣಮಟ್ಟ ನೋಡಿಕೊಳ್ಳಲೆಂದೇ ಚೇತನಕುಮಾರ ಎಂಬ ಅಧಿಕಾರಿಯೊಬ್ಬ ಬಂದಿದ್ದ. ಮೂವತ್ತರ ಆಸುಪಾಸಿನವನು, ಮಾತು ಕಡಿಮೆ, ಹೇಳಿದ್ದನ್ನು ಎರಡನೇ ಸಲ ಹೇಳುವ ಪೈಕಿಯವನಲ್ಲ. ಕಾವಲಿಗೆ ಹತ್ತು ಕಲಮಿನ ಒಂದು ಪಟ್ಟಿ ಬರೆದು ಕೊಡಿ, ತಿಂಗಳಿಗೊಮ್ಮೆ ಪರೀಕ್ಷೆ ಮಾಡಿ ಅಂಕ ಹಾಕಿ, ಯಾವುದೇ ಕಲಮಿನಲ್ಲಿ ಸೊನ್ನೆ ಬಂದ ಕಾವಲುಗಾರ ತಿಂಗಳ ಕೊನೆಗೆ ಮನೆಗೆ, ಎಂದು ಹೇಳಿ ಹೋದ.

ಬರೆಯುವ ಕೆಲಸ ವಿದ್ಯಾವತಿಯ ಪಾಲಿಗೆ ಬಂತು. ಹತ್ತನೆಯ ಕಲಮು ಲಾರಿಯದೇ ಆದ್ದರಿಂದ ಅದನ್ನು ಮೂರು ಸಲ ತಿದ್ದಿ ಬರೆದಳು: ‘ಹೊರಹೋಗುವ ಪ್ರತಿಯೊಂದು ವಾಹನವನ್ನು ತಡೆದು, ಚಾಲಕನನ್ನು ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಸ್ಪಷ್ಟವಾಗಿ ಕೇಳಿ, ಅವನು ಹೇಳಿದ ಊರನ್ನು ಬರೆದುಕೊಂಡು, ಚೀಟಿಯೊಂದಿಗೆ ತಾಳೆ ನೋಡತಕ್ಕದ್ದು.’ ಆ ‘ತಕ್ಕದ್ದು’ ಅವಳಿಗೆ ತುಂಬ ಹಿಡಿಸಿತು. ಗೇಟಿನ ಪುಸ್ತಕದಲ್ಲಿ ಗೆರೆ ಎಳೆಸಿ ಹೊಸದೊಂದು ಉದ್ದ ಖಾನೆ ಮಾಡಿಸಿ ಅದರ ನೆತ್ತಿಯ ಮೇಲೆ ‘ಕೇಳಿ ತಿಳಿದ ಊರು’ ಎಂದು ತನ್ನ ಕೈಯಾರೆ ಬರೆದು ನಾಲ್ಕೂ ಕಡೆ ಕಳಿಸಿದಳು.

ತಿಂಗಳಾಯಿತು. ಪರೀಕ್ಷೆಗೆ ಹೊರಟ ಮೊದಲ ದಿನ ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುವಾಗ ತಾಯಿ ಸಿದ್ದಲಿಂಗವ್ವ ಕಟ್ಟೆಯ ಮೇಲಿಂದ ಕೇಳಿದಳು.

“ದೂರ ಹೊಂಟಿಯೇನ್‌ ಮಗಳ?”

“ಇಂಡಿಗಿ ಬೇ. ಸಂಜಿಕ ಬರ್ತೇನಿ. ಕಣ್ಣಿಗೆ ಎಣ್ಣಿ ಹಾಕೋಬ್ಯಾಡ, ಡಾಕ್ಟ್ರು ಬೈತಾರ.”

ಸಿದ್ದಲಿಂಗವ್ವನ ಬಲಗಣ್ಣಿಗೆ ಪೊರೆ ಬಂದಿತ್ತು, ಆಪರೇಶನ್ನಿಗೆ ದಿನ ಗೊತ್ತಾಗಬೇಕಿತ್ತು. ‘ದೂರ ಹೊಂಟಿಯೇನ್‌’ ಎಂಬುದು ತಾಯಿ ದಿನಾ ಕೇಳುವ ಮಾತು, ಮಗಳು ದಿನಾ ಹೇಳುವ ಉತ್ತರ. ಇಬ್ಬರೂ ಅದನ್ನು ಕಿವಿಗೆ ಹಾಕಿಕೊಳ್ಳುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು.

ಇಂಡಿಯ ಗೇಟಿನಲ್ಲಿ ಫಯಾಜ. ಬೂಟಿನಲ್ಲಿ ಮುಖ ಕಾಣುವಷ್ಟು ಪಾಲಿಶು ಹಾಕಿದ್ದ, ಸಿಲಿಂಡರಿನ ಪಿನ್ನು ತೋರಿಸಿದ, ಟಾರ್ಚು ಹತ್ತಿಸಿ ಆರಿಸಿದ. ಒಂಬತ್ತಕ್ಕೆ ಒಂಬತ್ತೂ ಸರಿ. ಪುಸ್ತಕ ತೆರೆದರೆ ಹತ್ತನೆಯ ಕಲಮಿನ ಖಾನೆಯೊಳಗೆ ಒಂದಕ್ಷರವೂ ಇಲ್ಲ.

“ಮರತೀರೇನು?”

“ಮರತಿಲ್ರಿ ಮೇಡಂ.”

“ಮತ್ತ?”

ಫಯಾಜ ಟೋಪಿ ತೆಗೆದು ತಲೆ ಕೆರೆದುಕೊಂಡ. “ಇನ್ಮುಂದ ನೋಡ್ತೇನ್ರಿ,” ಎಂದ. ಏನು ನೋಡುತ್ತಾನೋ ಹೇಳಲಿಲ್ಲ. ವಿದ್ಯಾವತಿ ಸೊನ್ನೆ ಹಾಕಿದಳು.

ಸಿಂದಗಿಯಲ್ಲಿ ಕಾಂತು. ಲಾರಿ ತಪ್ಪಿಹೋದದ್ದು ಇವನದೇ ಗೇಟಿನಿಂದ. ಇವನಾದರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿರಬೇಕು ಎಂದು ಹೋದರೆ ಇಲ್ಲಿಯೂ ಅದೇ ಖಾಲಿ ಖಾನೆ. ಕೇಳಿದರೆ “ಗಾಡಿ ಗದ್ದಲ ಭಾಳ್ರಿ,” ಎಂದು ನೆಲ ನೋಡಿದ. ಆಗ ಗೇಟಿನ ಮುಂದೆ ಇದ್ದದ್ದು ಒಂದು ಎಮ್ಮೆ ಮಾತ್ರ. ಎರಡನೇ ಸೊನ್ನೆ.

ಮೂರನೆಯದು ತನ್ನೂರೇ, ಬಾಗೇವಾಡಿ. ಕಲ್ಮೇಶನ ಪುಸ್ತಕ ತೆರೆದಾಗ ಅವಳ ಜೀವ ತಣ್ಣಗಾಯಿತು. ಖಾನೆ ಪೂರಾ ತುಂಬಿದೆ, ಮೇಲಿಂದ ಕೆಳಗೆ ಒಂದು ಸಾಲೂ ಖಾಲಿಯಿಲ್ಲ. ಕನ್ನಡಕ ಏರಿಸಿ ಓದತೊಡಗಿದಳು. ‘ದೂರ. ದೂರ. ದೂರ. ಸಮೀಪ. ದೂರ. ಭಾಳ ದೂರ. ದೂರ.’

“ಇವೇನು ಊರಿನ ಹೆಸರೇನೋ ಕಲ್ಮೇಶ?”

“ಅವ್ರು ಹಂಗಽ ಅಂದ್ರಲ್ರಿ ಮೇಡಂ,” ಎಂದ ಕಲ್ಮೇಶ, ಬಹಳ ಪ್ರಾಮಾಣಿಕವಾಗಿ. “ಅಂದಿದ್ದು ಬರಕೊಂಡು ಗೇಟಿನ ಸರಪಳಿ ಇಳಸೇನ್ರಿ. ಒಂದೂ ಬಿಟ್ಟಿಲ್ಲ.”

ಸಿಟ್ಟಿಲ್ಲದ ಹೊತ್ತಿನಲ್ಲಿ ಆ ಪುಟ ನೋಡಿದ್ದರೆ ಅವಳಿಗೆ ಅಲ್ಲೇ ತಿಳಿಯುತ್ತಿತ್ತು. ಆದರೆ ವಿದ್ಯಾವತಿಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಇಷ್ಟು ಸಣ್ಣ ಕೆಲಸ, ಒಂದು ಪ್ರಶ್ನೆ, ಒಂದು ಊರಿನ ಹೆಸರು. ಮೂರು ಜನರೂ ತನ್ನ ಕಲಮನ್ನು ಚೇಷ್ಟೆ ಮಾಡುತ್ತಿದ್ದಾರೆ ಎನಿಸಿತು. ಪೆನ್ನು ಒತ್ತಿ ಹಾಕಿದ ಸೊನ್ನೆ ಕೆಳಗಿನ ಪುಟಕ್ಕೂ ಮೂಡಿತು.

ಉಳಿದದ್ದು ಮುದ್ದೇಬಿಹಾಳ, ಯಂಕಪ್ಪನ ಗೇಟು. ಅಲ್ಲಿಗೆ ಹೋಗಲು ಅವಳಿಗೆ ಎರಡು ದಿನ ಮನಸ್ಸಾಗಲಿಲ್ಲ.

ಯಂಕಪ್ಪ ತಂಗಡಗಿಯವನು, ಐವತ್ತೈದು ದಾಟಿದವನು. ಹನ್ನೊಂದು ವರ್ಷದಿಂದ ಅದೇ ಗೇಟು. ವಿದ್ಯಾವತಿ ಮೇಲ್ವಿಚಾರಕಿಯಾಗುವ ಮೊದಲು ಒಂದು ವರ್ಷ ಅದೇ ಗೇಟಿನಲ್ಲಿ ಕಾವಲಿಗಿದ್ದಳು, ತೊಗರಿ ಹಸನು ಮಾಡಲು ಬರುವ ಹೆಣ್ಣುಮಕ್ಕಳ ಚೀಲ ನೋಡುವ ಕೆಲಸ. ಗಂಡ ತೀರಿಕೊಂಡ ಹೊಸತು. ಎಂಟು ತಾಸು ನಿಂತು ರೂಢಿಯಿರಲಿಲ್ಲ, ಮೊದಲ ವಾರ ಕಾಲು ಬಾತು ಅಳುವ ಹಾಗಾಗಿತ್ತು. ಮೈಭಾರ ಯಾವ ಕಾಲಿನ ಮೇಲೆ ಎಷ್ಟು ಹೊತ್ತು ಬಿಡಬೇಕು, ಬಿಸಿಲು ತಿರುಗಿದ ಹಾಗೆ ಎಲ್ಲಿಗೆ ಸರಿಯಬೇಕು ಎಂದು ಹೇಳಿಕೊಟ್ಟವನು ಯಂಕಪ್ಪ. ಆಗ ಅವಳನ್ನು ತಂಗಿ ಎನ್ನುತ್ತಿದ್ದ. ಅವಳು ಮೇಲ್ವಿಚಾರಕಿಯಾಗಿ ಮೊದಲ ಸಲ ಬಂದ ದಿನ ಸೆಟೆದು ನಿಂತು ಸಲಾಮು ಹೊಡೆದು ‘ಮೇಡಂ’ ಎಂದ. ಅಂದಿನಿಂದ ತಂಗಿ ಎಂದಿಲ್ಲ.

ಅವನು ಈ ಗೇಟು ಕಳೆದುಕೊಂಡರೆ ಈ ವಯಸ್ಸಿನಲ್ಲಿ ಇನ್ನೊಂದು ಗೇಟು ಯಾರೂ ಕೊಡುವುದಿಲ್ಲ. ಅದು ಅವನಿಗೂ ಗೊತ್ತು, ಅವಳಿಗೂ ಗೊತ್ತು.

ಬಾಗೇವಾಡಿಯಿಂದ ಸ್ಕೂಟಿಯ ಮೇಲೆ ಹೋದಳು. ಪುಸ್ತಕವನ್ನು ಕೊನೆಗೆ ಇಟ್ಟುಕೊಂಡಳು. ಅವನ ಹೆಂಡತಿ ಗುಂಡವ್ವ ಹಾಸಿಗೆಯ ಕೆಳಗಿಟ್ಟು ಮಡಿಕೆ ಕೂರಿಸಿದ ಪ್ಯಾಂಟು, ಹೊಳೆಯುವ ಸೀಟಿ, ಗುಡಿಸಿ ನೀರು ಚಿಮುಕಿಸಿದ ಗೇಟಿನ ಅಂಗಳ. ಒಂಬತ್ತು ಕಲಮು ಎಲ್ಲ ಗೇಟುಗಳಿಗಿಂತ ಚೆನ್ನ. ಆಮೇಲೆ ಪುಸ್ತಕ. ಖಾಲಿ.

“ಯಂಕಪ್ಪಣ್ಣ, ಇದು ಯಾಕ ಬರದಿಲ್ಲ?”

“ಕೇಳಿಲ್ರಿ ಮೇಡಂ. ಕೇಳದ ಹೆಂಗ ಬರೀಲ್ರಿ?”

“ಯಾಕ ಕೇಳಿಲ್ಲ?”

ಅವನು ಅವಳ ಮುಖವನ್ನೇ ನೋಡಿದ, ಇದನ್ನೂ ಕೇಳಬೇಕೇ ಎನ್ನುವ ಹಾಗೆ. ವಿದ್ಯಾವತಿ ಪೆನ್ನು ತೆಗೆದಳು. ಮೂವರಿಗೆ ಸೊನ್ನೆ ಹಾಕಿ ಇವನೊಬ್ಬನನ್ನು ಉಳಿಸಿದರೆ ತಾನು ಯಾವ ಮುಖ ಇಟ್ಟುಕೊಂಡು ಇನ್ನೊಬ್ಬರ ಕೆಲಸ ನೋಡಲು ಹೋಗಲಿ? ಸೊನ್ನೆ ಹಾಕಿದಳು. ಹಾಕಿದ್ದರ ಸಂಕಟವೇ ಸಿಟ್ಟಾಗಿ ಬಾಯಿಗೆ ಬಂತು.

“ಒಂದು ಮಾತು ಕೇಳಾಕ ನಿಮಗೇನ್‌ ಧಾಡಿ? ಈಗ ನಾ ಹೊಂಟೇನಿ. ನನ್ನ ಕೇಳ್ರಿ ನೋಡೂಣು. ಬರದದ್ದು ಐತೆಲ್ಲ, ಹಂಗಽ ಕೇಳ್ರಿ.”

“ಬ್ಯಾಡ್ರಿ ಮೇಡಂ.”

“ಡ್ಯೂಟಿ ಅಂತ ಹೇಳಾಕತ್ತೇನಿ.”

ಹೆಲ್ಮೆಟ್ಟು ಹಾಕಿಕೊಂಡು ಸ್ಕೂಟಿ ಚಾಲೂ ಮಾಡಿದಳು. ಅವಳು ಹೋಗಬೇಕಾದದ್ದು ಕಣ್ಣಿನ ದವಾಖಾನೆಗೆ. ತಾಯಿಯ ರಕ್ತ ಪರೀಕ್ಷೆಯ ಕಾಗದ ತೋರಿಸಿ ಆಪರೇಶನ್ನಿಗೆ ದಿನ ಹಾಕಿಸಿಕೊಂಡು ಬರಬೇಕಿತ್ತು. ಕಾಗದ ಡಿಕ್ಕಿಯಲ್ಲಿತ್ತು. ಗೇಟಿನ ಎರಡು ಕಂಬದ ನಡುವೆ ಸರಪಳಿ. ಯಂಕಪ್ಪ ಅದರ ತುದಿ ಹಿಡಿದು ನಿಂತಿದ್ದ. ಅವಳು ಹತ್ತಿರ ಬರುತ್ತಲೇ ಸೆಟೆದು ನಿಂತು, ಸಾಲಿ ಹುಡುಗರು ಪಾಠ ಒಪ್ಪಿಸುವ ಹಾಗೆ, ಅವಳೇ ಬರೆದ ಅಕ್ಷರಗಳನ್ನು ಒಂದೂ ಬಿಡದೆ ಹೇಳಿದ.

“ಎಲ್ಲಿಗೆ ಹೋಗುತ್ತಿದ್ದೀರಿ?”

ವಿದ್ಯಾವತಿಯ ಕೈ ತಾನಾಗಿ ಚಾವಿ ತಿರುಗಿಸಿತು. ಗಾಡಿ ಬಂದ್‌ ಆಯಿತು. ಇಳಿದು ಸ್ಟ್ಯಾಂಡು ಹಾಕಿದಳು, ಹೆಲ್ಮೆಟ್ಟು ತೆಗೆದಳು, ಕ್ಯಾಬಿನ್ನಿನ ಪಕ್ಕದ ಕಲ್ಲಿನ ಮೇಲೆ ಹೋಗಿ ಕೂತಳು.

“ಒಂದೀಟು ನೀರ್‌ ಕೊಡ್ರಿ,” ಎಂದಳು.

ಸಾಹೇಬರು ಬಂದಾಗ ಯಂಕಪ್ಪ ಆಫೀಸಿನಿಂದ ಬಾಟಲಿ ನೀರು ತಂದುಕೊಡುವವನು. ಈಗ ಅಲ್ಲಿಯವರೆಗೆ ಹೋಗಿ ಬರಲೋ, ಕ್ಯಾಬಿನ್ನಿನಲ್ಲಿರುವ ತನ್ನ ತಂಬಿಗೆಯನ್ನೇ ಕೊಡಲೋ ಎಂದು ಅನುಮಾನಿಸಿ ನಿಂತ. ಅವಳೇ ಕೈ ಚಾಚಿ ತಂಬಿಗೆ ತೆಗೆದುಕೊಂಡಳು. ಅರ್ಧ ತಂಬಿಗೆ ನೀರು ಗಂಟಲಲ್ಲಿ ಇಳಿದ ಮೇಲೆ, ತಾನು ಯಾಕೆ ಕೂತೆ ಎಂದು ಅವಳಿಗೆ ಹೊಳೆಯಿತು.

ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಹೊರಟ ಕೆಲಸ ಕೆಡುತ್ತದೆ. ಬಾಯಿತಪ್ಪಿ ಯಾರಾದರೂ ಕೇಳಿಬಿಟ್ಟರೆ ಒಂದು ಗಳಿಗೆ ಕೂತು, ನೀರು ಕುಡಿದು, ಹೊಸದಾಗಿ ಹೊರಡಬೇಕು. ಇದು ಅವಳಿಗೆ ಯಾರೂ ಕಲಿಸಿದ್ದಲ್ಲ, ನಡೆಯಲು ಕಲಿತ ಹಾಗೆ ಬಂದದ್ದು. ನಂಬುತ್ತೀಯಾ ಎಂದು ಕೇಳಿದರೆ ಛೇ ಇಲ್ಲ ಎನ್ನುತ್ತಿದ್ದಳು. ಆದರೆ ಅವ್ವನ ಕಣ್ಣಿನ ಕಾಗದ ಡಿಕ್ಕಿಯಲ್ಲಿಟ್ಟುಕೊಂಡು ಹೊರಟಾಗ ಆ ಮಾತು ಬೆನ್ನಿಗೆ ಬಿದ್ದರೆ ನಂಬುವುದು ಬಿಡುವುದು ಯಾರ ಕೈಯಲ್ಲಿದೆ? ಇದನ್ನೆಲ್ಲ ಮರೆತು, ಮೇಜಿನ ಮುಂದೆ ಕೂತು, ‘ಸ್ಪಷ್ಟವಾಗಿ ಕೇಳತಕ್ಕದ್ದು’ ಎಂದು ಬರೆದಿದ್ದಳು ಮಹಾರಾಯ್ತಿ!

“ಹಿಂಗಽ ಆಗ್ತೈತ್ರಿ,” ಎಂದ ಯಂಕಪ್ಪ ಮೆಲ್ಲಗೆ. “ಮೊದಲನೇ ದಿನ ಒಬ್ಬಾವನ್ನ ಕೇಳಿದ್ನಿ. ಅವನ ಹೇಣ್ತಿಗೆ ಹೆರಿಗಿ ಬ್ಯಾನಿ ಸುರು ಆಗಿದ್ವಂತ, ಮಾಲು ಇಳಿಸಿ ಊರಿಗೆ ಹೋಗಾವ. ಊರು ಹೇಳದ ಇಂಜಿನ್‌ ಬಂದ್‌ ಮಾಡಿ ನೀವು ಕುಂತ ಕಲ್ಲಿನ ಮ್ಯಾಲೇ ಕುಂತನ್ರಿ. ಅರ್ಧ ತಾಸು. ಹಿಂದ ಆರು ಗಾಡಿ ನಿಂತಿದ್ವು. ಅವನ ಮಾರಿ ನೋಡಿ ನನಗ ಕರಳು ಚುರ್‌ ಅಂತು. ಅವತ್ತಿಂದ ಕೇಳಿಲ್ರಿ.”

“ನನಗ ಹೇಳಬೇಕಿಲ್ಲೇನು?”

“ನಿಮಗ ಗೊತ್ತಿಲ್ಲಂತ ನಾ ಹೆಂಗ ತಿಳಕೊಳ್ಳಿ? ಗೊತ್ತಿದ್ದೂ ಬರದಾರಂದ್ರ ಏನರ ಕಾರಣ ಇರಬೇಕು ಅಂದ್ಕೊಂಡ್ನಿ.”

ಫಯಾಜ ತಲೆ ಕೆರೆದುಕೊಂಡದ್ದು, ಕಾಂತು ನೆಲ ನೋಡಿದ್ದು, ಕಲ್ಮೇಶನ ‘ಭಾಳ ದೂರ’, ಎಲ್ಲವೂ ಒಟ್ಟಿಗೆ ಅರ್ಥವಾದವು. ಅವಳಿಗೆ ನಾಚಿಕೆಯಾಯಿತು. ಅಲ್ಲಿಂದಲೇ ಬಸವಂತರಾಯರಿಗೆ ಫೋನು ಹಚ್ಚಿ ಎಲ್ಲ ಹೇಳಿದಳು.

ಬಸವಂತರಾಯರು ಮೊದಲು ನಕ್ಕರು, ಆಮೇಲೆ ಫೌಜಿನವರಾದರು. “ಕಂಪನಿಗೆ ಇದನ್ನೆಲ್ಲ ಹೇಳಿದ್ರ ನಗ್ತಾರವಾ. ಒಂದು ಕೆಲಸ ಮಾಡು. ಚೀಟಿಗಳ ನಕಲು ಆಫೀಸಿನ್ಯಾಗ ಇರ್ತಾವಲ್ಲ, ಅವನ್ನ ನೋಡಿ ನಾಲ್ಕೂ ಪುಸ್ತಕ ತುಂಬಿಸಿಬಿಡು. ಮಂದಿ ನೌಕರಿ ಉಳೀತೈತಿ.”

ಮಾತು ಸುಲಭವಾಗಿತ್ತು. ಒಂದು ಮಧ್ಯಾಹ್ನದ ಕೆಲಸ. ಅವಳು ಯಂಕಪ್ಪನತ್ತ ತಿರುಗಿ, ಹೀಗೆ ಮಾಡಿದರೆ ಹೇಗೆ ಎಂದಳು. ಅವನು ಪುಸ್ತಕವನ್ನು ಎದೆಗೆ ಹಿಡಿದುಕೊಂಡ. “ಅದರಾಗ ನನ್ನ ಸಹಿ ಐತ್ರಿ,” ಎಂದಷ್ಟೇ ಹೇಳಿದ. ಅಲ್ಲದೆ ಚೀಟಿ ನೋಡಿ ಬರೆದರೆ ಚೀಟಿಯ ತಪ್ಪು ಪುಸ್ತಕದಲ್ಲೂ ಬರುತ್ತದೆ. ಲಾರಿ ಮತ್ತೆ ತಪ್ಪಿ ಹೋಗುತ್ತದೆ. ಅಂಥ ಕಾವಲು ಇದ್ದರೆಷ್ಟು, ಬಿಟ್ಟರೆಷ್ಟು? ವಿದ್ಯಾವತಿ ವರದಿಯನ್ನು ಇದ್ದಂತೆಯೇ ಕಳಿಸಿದಳು. ನಾಲ್ಕು ಸೊನ್ನೆಗಳ ಕೆಳಗೆ ‘ಕೊರತೆಗೆ ಕಾರಣ’ ಎಂಬಲ್ಲಿ ತನ್ನ ಹೆಸರು ಬರೆದಳು.

ಆಪರೇಶನ್ನು ಸುಸೂತ್ರವಾಗಿ ಆಯಿತು. ಅದರ ಮರುದಿನವೇ ಚೇತನಕುಮಾರ ಮುದ್ದೇಬಿಹಾಳಕ್ಕೆ ಬರುತ್ತಾನೆ ಎಂದು ಸುದ್ದಿ ಬಂತು. ತಾಯಿಯನ್ನು ನೆರೆಮನೆಯವರಿಗೆ ಒಪ್ಪಿಸಿ ವಿದ್ಯಾವತಿ ಹೋದಳು. ಸಂಜೆ ಕಣ್ಣಿನ ಪಟ್ಟಿ ಬಿಚ್ಚುವ ಹೊತ್ತಿಗೆ ತಿರುಗಿ ಬರಬೇಕಿತ್ತು.

ಗೋದಾಮಿನ ಆಫೀಸಿನಲ್ಲಿ ಚೇತನಕುಮಾರ ವರದಿ ಮುಂದಿಟ್ಟುಕೊಂಡು ಕೂತಿದ್ದ. ಅವತ್ತು ಯಾಕೋ ಹೊಸ ಅಂಗಿ ತೊಟ್ಟಿದ್ದ, ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದ. ಅವಳು ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ತೆಗೆದು ಒರೆಸಿದ.

“ಮೇಡಂ, ಇದೆಲ್ಲ ಮೂಢನಂಬಿಕಿ. ಅದರ ಮ್ಯಾಲೆ ನಾವು ಗೋದಾಮು ನಡಸಾಕ ಆಗೂದಿಲ್ಲ. ಕೇಳಾಕ ಆಗೂದಿಲ್ಲ ಅಂದ್ರ ಕೇಳುವಂಥವರನ್ನ ತರಿಸೂದು.”

“ಯಾವ ಊರಿಂದ ತರಸ್ತೀರಿ ಸರ್? ಸುತ್ತ ನಾಕೂ ಜಿಲ್ಲಾದಾಗ ಯಾರೂ ಕೇಳೂದಿಲ್ಲ.”

“ನಾಕು ಸೊನ್ನಿ ಅದಾವು. ಅವಕ್ಕೇನ್‌ ಮಾಡಲಿ?”

“ತಪ್ಪು ಅವರದಲ್ರಿ. ಕಲಮು ಬರದಾಕಿ ನಾನು. ತೆಗೀಬೇಕಂದ್ರ ನನ್ನ ತೆಗೀರಿ.”

“ನಿಮಗ ಸೊನ್ನಿ ಹಾಕಾಕ ಕಲಮಽ ಇಲ್ಲಲ್ರಿ,” ಎಂದ ಅವನು. ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. “ನಾಳೆ ಮೇಲಿನವರಿಗೆ ಬರದು ಕಳಸ್ತೇನಿ. ಇವತ್ತ ನನಗ ಗಡಬಡಿ ಐತಿ.” ಕಾಗದ ಚೀಲಕ್ಕೆ ಹಾಕಿಕೊಂಡು ಎದ್ದ.

ಕಾರಿನವರೆಗೆ ಅವನ ಹಿಂದೆಯೇ ನಡೆದಳು. ಕಾರಿನ ಹಿಂದಿನ ಸೀಟಿನಲ್ಲಿ ಒಂದು ಬುಟ್ಟಿ ಹಣ್ಣು, ಪೇಡೆಯ ಡಬ್ಬಿ, ಒದ್ದೆ ಬಟ್ಟೆ ಸುತ್ತಿದ ಹೂವು. ಯಾವುದೋ ಒಳ್ಳೆಯ ಕೆಲಸಕ್ಕೆ ಹೊರಟವನು. ತಕ್ಷಣ ಅವಳಿಗೆ ಬುದ್ಧಿ ಓಡಿತು. ಇದಕ್ಕಿಂತ ಒಳ್ಳೆಯ ಹೊತ್ತು ಸಿಗಲಿಕ್ಕಿಲ್ಲ. ಬರೆದ ಹಾಗೆ ಯಂಕಪ್ಪ ಇವನನ್ನು ಒಂದು ಸಲ ಕೇಳಲಿ, ಎದೆ ಹೇಗೆ ಧಸಕ್ಕೆನ್ನುತ್ತದೆ ಎಂದು ಇವನಿಗೂ ಗೊತ್ತಾಗಲಿ. ಕಾರು ಗೇಟಿನತ್ತ ತಿರುಗುವಾಗ ಹಿಂದಿನಿಂದ ಯಂಕಪ್ಪನಿಗೆ ಕೈಸನ್ನೆ ಮಾಡಿದಳು, ಕೇಳು ಎಂದು.

ಯಂಕಪ್ಪ ಸನ್ನೆಯನ್ನು ನೋಡಿದ. ಕಾರಿನ ಹಿಂದಿನ ಸೀಟನ್ನೂ ನೋಡಿದ. ತನ್ನ ಗೇಟು ಉಳಿಯುವುದು ಆ ಒಂದು ಮಾತಿನ ಮೇಲಿದೆ ಎಂದು ಅವನಿಗೆ ಅರ್ಥವಾಗದೆ ಏನಿರಲಿಲ್ಲ. ಸಲಾಮು ಹೊಡೆದು, ಸರಪಳಿ ಕೈಯಲ್ಲಿ ಹಿಡಿದುಕೊಂಡೇ ಬಾಗಿದ.

“ಸಾಹೇಬ್ರ, ದೂರೇನ್ರಿ?”

ಕೇಳಿ ಸುಮ್ಮನೆ ನಿಂತ. ಚೇತನಕುಮಾರ ಗಾಜು ಇಳಿಸಿದ.

“ಭಾಳೇನಿಲ್ಲಪಾ, ಬಾಗಲಕೋಟಿ. ತಂಗೀಗೆ ಒಂದು ವರ ನೋಡಾಕ ಹೊಂಟೇವಿ. ಮನಿ ಮಂದಿ ನಿಡಗುಂದಿಯೊಳಗ ಕೂಡ್ತಾರ.”

“ಛಲೋ ಆಗ್ಲಿ ತಗೋರಿ,” ಎಂದು ಯಂಕಪ್ಪ ಸರಪಳಿ ಇಳಿಸಿದ.

ವಿದ್ಯಾವತಿ ಎತ್ತಿದ ಕೈ ಇಳಿಸಿದಳು. ಇದ್ದ ಒಂದು ದಾರಿಯನ್ನೂ ಈ ಮನುಷ್ಯ ಕೈಯಾರೆ ಕಳೆದುಕೊಂಡ. ಕಾರು ಸರಪಳಿ ದಾಟಿತು, ನಾಲ್ಕು ಮಾರು ಹೋಯಿತು, ನಿಂತಿತು. ಚೇತನಕುಮಾರ ಇಳಿಯಲಿಲ್ಲ, ಹಿಂದಕ್ಕೂ ಬರಲಿಲ್ಲ. ಕಿಟಕಿಯಿಂದ ಕೈ ಹೊರಹಾಕಿ ಕರೆದ. ಇಬ್ಬರೂ ಓಡಿದರು.

“ನಾ ಹೋಗೂ ಊರು ಬರಕೊಂಡ್ಯೇನು?” ಎಂದ.

“ಇಲ್ರಿ ಸಾಹೇಬ್ರ.”

“ಯಾಕ? ಹೇಳಿದ್ನೆಲ್ಲ?”

“ನೀವಾಗಿ ಹೇಳಿದ್ರಿ. ಎಲ್ಲಿಗಂತ ನಾ ಕೇಳಿಲ್ಲಲ್ರಿ. ಪುಸ್ತಕದಾಗ ‘ಕೇಳಿ ತಿಳಿದ ಊರು’ ಅಂತ ಐತಿ. ಕೇಳದ ಬರದ್ರ ಸುಳ್ಳಾಗ್ತೈತ್ರಿ.”

ಚೇತನಕುಮಾರ ವಿದ್ಯಾವತಿಯನ್ನು ನೋಡಿದ. ಅವಳಿಗೂ ಇದು ಹೊಸದು. ಯಾಕೆ ಕೇಳಿಲ್ಲ ಎಂದಿದ್ದಳೇ ಹೊರತು, ಕೇಳದೆ ಏನು ಮಾಡುತ್ತೀರಿ ಎಂದು ವಿಚಾರಿಸಿರಲಿಲ್ಲ.

“ಲಾರಿಯವ್ರೂ ಹಿಂಗಽ ಹೇಳ್ತಾರೇನು?”

“ಎಲ್ಲಾರೂ ಹೇಳ್ತಾರ್ರಿ. ದೂರೇನಪಾ ಅನ್ನೂದು, ಸರಪಳಿ ಇಳಸಾಕ ಹೋಗಬಾರದು, ಹಿಡಕೊಂಡು ಸುಮ್ಮ ನಿಂದರೂದು. ಮೊದಲು ದೂರ ಅಂತಾರ, ಆಮ್ಯಾಲ ಊರು ಹೇಳ್ತಾರ, ಆಮ್ಯಾಲ ಮನಿ ಸುದ್ದಿ ಹೇಳ್ತಾರ. ಗಡಬಡಿ ಮಾಡಿದ್ರ ದೂರ ಅನ್ನೂದಷ್ಟಽ ಸಿಗತೈತಿ.”

ಕಲ್ಮೇಶನ ಪುಸ್ತಕ ವಿದ್ಯಾವತಿಯ ಕಣ್ಣ ಮುಂದೆ ಬಂತು.

“ಮತ್ತ ಅವ್ರು ಹೇಳಿದ ಊರು ಏನ್‌ ಮಾಡ್ತಿ?”

“ಚೀಟಿ ಕೂಡ ನೋಡ್ತೇನ್ರಿ. ಅದಕ್ಕಽ ನನ್ನ ನಿಂದರ್ಸೀರಲ್ರಿ. ಇವತ್ತ ಮುಂಜಾನಿಂದ ನಾಕು ಗಾಡಿ ಹೋದ್ವು. ಒಂದು ಇಳಕಲ್ಲ, ಒಂದು ಹುನಗುಂದ, ಎರಡು ತಾಳಿಕೋಟಿ. ಎಲ್ಲಾ ಕೂಡಿದ್ವು. ಹೋದ ತಿಂಗಳ ಒಂದು ಕೂಡಲಿಲ್ಲ. ಚೀಟಿಯೊಳಗ ತಾಳಿಕೋಟಿ ಇತ್ತು, ಅವ ಲಿಂಗಸೂರು ಅಂದ. ಆಫೀಸಿಗೆ ಹೊಳ್ಳಿ ಕಳಸಿದ್ನಿ, ಅವ್ರು ಚೀಟಿ ಬದಲಿ ಮಾಡಿ ಕೊಟ್ರು.”

“ಆಫೀಸಿನವ್ರು ನನಗ ಹೇಳಲಿಲ್ಲ?”

“ಅದು ನನಗ ಗೊತ್ತಿಲ್ರಿ.”

ಚೇತನಕುಮಾರ ಆಫೀಸಿನ ಕಡೆ ಒಮ್ಮೆ ನೋಡಿದ. ಇಳಿಯಬೇಕು ಎನಿಸಿದ್ದು ಮುಖದ ಮೇಲೆ ಕಾಣಿಸಿತು, ಬಾಗಿಲಿಗೆ ಕೈಯೂ ಹೋಯಿತು. ಆದರೆ ಶುಭಕಾರ್ಯಕ್ಕೆ ಹೊರಟವನು ಅರ್ಧ ದಾರಿಯಲ್ಲಿ ಇಳಿಯುವುದೆಂದರೆ! ಕೈ ಹಿಂದಕ್ಕೆ ಬಂತು. ಅದನ್ನು ವಿದ್ಯಾವತಿ ನೋಡಿದಳು. ಅವಳು ನೋಡಿದಳೆಂದು ಅವನಿಗೂ ತಿಳಿಯಿತು. ಅವನ ಕಿವಿ ಕೆಂಪಾಯಿತು.

“ಮೇಡಂ,” ಎಂದ, “ಆ ಸೊನ್ನಿ ಕಲಮಿಗೆ ಹಾಕ್ರಿ, ಮಂದೀಗೆ ಬ್ಯಾಡ. ಕಲಮು ತಿದ್ದಿ ನಾಳೆ ಕಳಸ್ರಿ. ಉಳಿದ ಮೂವರಿಗೂ ಇವನಽ ಕಲಸ್ಲಿ.” ಗಾಜು ಏರಿಸಿಕೊಂಡು ಬಾಗಲಕೋಟೆಯ ದಾರಿ ಹಿಡಿದ.

ಇಬ್ಬರೂ ಕ್ಯಾಬಿನ್ನಿಗೆ ಬಂದರು. ವಿದ್ಯಾವತಿ ಕಲ್ಲಿನ ಮೇಲೆ ಕೂತು ಹಾಳೆ ತೆಗೆದಳು. ಹಳೆಯ ಹತ್ತನೆಯ ಕಲಮನ್ನು ಅಡ್ಡಗೆರೆ ಎಳೆದು ಹೊಡೆದು ಹಾಕಿ, ಯಂಕಪ್ಪ ಹೇಳಿದ್ದನ್ನು ಬರೆದಳು: ‘ಹೊರಹೋಗುವ ಚಾಲಕನನ್ನು ದೂರವೇನು ಎಂದು ವಿಚಾರಿಸಿ, ಅವನಾಗಿಯೇ ಊರು ಹೇಳುವವರೆಗೆ ಸರಪಳಿ ಹಿಡಿದು ಸುಮ್ಮನೆ ನಿಂತು, ಚೀಟಿಯೊಂದಿಗೆ ತಾಳೆ ನೋಡತಕ್ಕದ್ದು.’ ‘ತಕ್ಕದ್ದು’ ಒಂದನ್ನು ಮಾತ್ರ ಬಿಡಲು ಮನಸ್ಸಾಗಲಿಲ್ಲ. ಆಮೇಲೆ ಗೇಟಿನ ಪುಸ್ತಕ ತೆರೆದು, ತಾನೇ ಬರೆದಿದ್ದ ತಲೆಬರಹದಲ್ಲಿ ‘ಕೇಳಿ’ ಎಂಬುದನ್ನು ಹೊಡೆದು ಹಾಕಿದಳು. ‘ತಿಳಿದ ಊರು’ ಉಳಿಯಿತು.

“ನಾ ನಿಮಗ ಸೊನ್ನಿ ಹಾಕಿದ್ನೆಲ್ಲ ಯಂಕಪ್ಪಣ್ಣ,” ಎಂದಳು. “ನಾ ಕೈಸನ್ನಿ ಮಾಡಿದ್ರೂ ನೀವು ಕೇಳಲಿಲ್ಲ. ಗೇಟು ಹೋಗಿದ್ರ ಏನ್‌ ಮಾಡ್ತಿದ್ರಿ?”

ಯಂಕಪ್ಪ ಸರಪಳಿಯ ಕೊಂಡಿ ಸರಿಮಾಡುತ್ತ ನಿಂತಿದ್ದ. “ಗೇಟು ಹೋಗ್ತಿತ್ತು, ಖರೆ,” ಎಂದ. “ಆದ್ರ ಆ ಹುಡುಗೀಗೆ ವರ ನೋಡಾಕ ಹೊಂಟಾರ್ರಿ. ನನ್ನ ಗೇಟಿನ ಸಲುವಾಗಿ ಆಕೀದು ಯಾಕ ಕೆಡಸಲಿ?”

ಹೊತ್ತು ಇಳಿಯುತ್ತಿತ್ತು. ಹೆಲ್ಮೆಟ್ಟು ಹಾಕಿಕೊಂಡು, ಸ್ಕೂಟಿ ಚಾಲೂ ಮಾಡಿ ಗೇಟಿಗೆ ಬಂದಳು. ಯಂಕಪ್ಪ ಸೆಟೆದು ನಿಲ್ಲಲಿಲ್ಲ, ಸಲಾಮು ಹೊಡೆಯಲಿಲ್ಲ. ಸರಪಳಿ ಹಿಡಿದುಕೊಂಡು ಕೇಳಿದ.

“ದೂರೇನು ತಂಗಿ?”

“ದೂರೇನಿಲ್ಲಣ್ಣ, ಬಾಗೇವಾಡಿ. ಅವ್ವನ ಕಣ್ಣಿನ ಪಟ್ಟಿ ಬಿಚ್ಚತಾರ ಇವತ್ತ. ಆಕಿ ಕಣ್ಣು ತಗದಾಗ ಮುಂದ ನಾ ಇರಬೇಕಂತ, ಅದಕ್ಕಽ ಲಗೂ ಹೊಂಟೇನಿ...”

ಹೇಳಿ ಮುಗಿಸಿದ ಮೇಲೆ, ಎಲ್ಲವನ್ನೂ ಹೇಳಿಬಿಟ್ಟೆ ಎಂದು ಅವಳಿಗೆ ಗೊತ್ತಾಯಿತು. ಯಂಕಪ್ಪ ಒಂದು ಕೈಯಲ್ಲಿ ಸರಪಳಿ ಹಿಡಿದೇ ಇನ್ನೊಂದು ಕೈಯಿಂದ ಪುಸ್ತಕ ಎಳೆದುಕೊಂಡು, ತಿಂಗಳಿಡೀ ಖಾಲಿಯಿದ್ದ ಖಾನೆಯೊಳಗೆ ನಿಧಾನವಾಗಿ ‘ಬಾಗೇವಾಡಿ’ ಎಂದು ಬರೆದ. ಆಮೇಲೆ ಸರಪಳಿ ಇಳಿಸಿದ.